ಎಷ್ಟು ಪಟ್ಟು ತಪ್ಪಿದೆ? ಹಳೇ ಚಾರ್ಜ್ ಯೂನಿಟ್‌ಗಳ ಲೆಕ್ಕದಲ್ಲಿ ದೋಷ ಹುಡುಕುವ ಬಗೆ

ತಮ್ಮನ ಮಗಳು ಬಿಎಸ್ಸಿ ಕೊನೇ ವರ್ಷದಲ್ಲಿದ್ದಾಳೆ. ಒಂದು ರಾತ್ರಿ ನಾನು ಊಟಕ್ಕೆ ಕೂತಿದ್ದಾಗ ಫೋನ್ ಮಾಡಿ, "ದೊಡ್ಡಪ್ಪಾ, ನನ್ನ ಎಲೆಕ್ಟ್ರಾನ್ ಕೆಟ್ಟೋಗಿದೆ" ಅಂದಳು. ಫ್ರಿಜ್ ಕೆಡುತ್ತದೆ, ಮಿಕ್ಸಿ ಕೆಡುತ್ತದೆ, ಎಲೆಕ್ಟ್ರಾನ್ ಕೆಟ್ಟಿದ್ದನ್ನು ನಾನು ಕೇಳಿರಲಿಲ್ಲ. ವಿಷಯ ಇಷ್ಟೇ. ಮಿಲಿಕನ್ ಅವರ ಎಣ್ಣೆಹನಿ ಪ್ರಯೋಗದ ಮೇಲೆ ಅವಳದೊಂದು ಪ್ರಾಜೆಕ್ಟ್ ಇದೆ. 1913ರಲ್ಲಿ ಮಿಲಿಕನ್ ಪ್ರಕಟಿಸಿದ ಎಲೆಕ್ಟ್ರಾನ್ ಚಾರ್ಜನ್ನು ಒಂದು ಹಳೇ ಪುಸ್ತಕದಿಂದ ಎತ್ತಿಕೊಂಡಿದ್ದಾಳೆ: 4.774 × 10⁻¹⁰. ಇವತ್ತಿನ ಪುಸ್ತಕದಲ್ಲಿರುವುದು 1.602 × 10⁻¹⁹. ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿ, ತಲೆಯ ಮೇಲೆ 'ಕೂಲಮ್' (ಈಗಿನ ಚಾರ್ಜ್ ಯೂನಿಟ್) ಅಂತ ಬರೆದಿದ್ದಾಳೆ. ಹಳೇ ಎಲೆಕ್ಟ್ರಾನ್ ಹೊಸದಕ್ಕಿಂತ ಸುಮಾರು 300 ಕೋಟಿ ಪಟ್ಟು ದಪ್ಪಗಾಗಿ ಕೂತಿದೆ.

ಆವತ್ತು ಅವಳ ಎಕ್ಸೆಲ್ ಫೈಲಿನಲ್ಲಿ ಒಂದಲ್ಲ, ಮೂರು ತಪ್ಪು ಸಿಕ್ಕವು. ಮೊದಲನೆಯದನ್ನು ಸರಿ ಮಾಡಲು ಹೋಗಿ ಎರಡನೆಯದನ್ನು ಅವಳೇ ಮಾಡಿದ್ದಳು. ಮೂರನೆಯದು ಅವಳದಲ್ಲ, ಅದು ಗಾಳಿಯದು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಥ ದೋಷ ಹುಡುಕುವಾಗ ಎಲ್ಲರೂ ಮೊದಲು ಮಾಡುವ ಕೆಲಸ ಸೂತ್ರವನ್ನು ಮತ್ತೆ ಮತ್ತೆ ಓದೋದು. ಅದರಿಂದ ಜಾಸ್ತಿ ಪ್ರಯೋಜನ ಇಲ್ಲ. ಸೂತ್ರ ಸರಿಯಾಗಿಯೇ ಇರುತ್ತದೆ, ಅದು ಬೇರೆ ಯೂನಿಟ್ ಪದ್ಧತಿಗೆ ಸೇರಿದ ಸೂತ್ರ ಆಗಿರುತ್ತದೆ ಅಷ್ಟೇ. ಅದರ ಬದಲು ನಿಮಗೆ ಬಂದ ಉತ್ತರವನ್ನು ಬರಬೇಕಾದ ಉತ್ತರದಿಂದ ಭಾಗಿಸಿ. ಬರುವ ಆ ಅಂಕಿಯೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ. ಬರಬೇಕಾದ ಉತ್ತರವೇ ಗೊತ್ತಿಲ್ಲ ಅಂದರೆ ಎಲೆಕ್ಟ್ರಾನನ್ನೇ ನಿಮ್ಮ ಲೆಕ್ಕದೊಳಗೆ ತೂರಿಸಿ ನೋಡಿ. ಒಂದು ಕಡೆಯಿಂದ 4.803 × 10⁻¹⁰ (ಇವತ್ತಿನ ಬೆಲೆಯೇ, ಹಳೇ ಯೂನಿಟ್‌ನಲ್ಲಿ) ಹಾಕಿದರೆ ಇನ್ನೊಂದು ಕಡೆ 1.602 × 10⁻¹⁹ ಬರಬೇಕು. ಬರಲಿಲ್ಲ ಅಂದರೆ ಪರಿವರ್ತನೆಯ ಸಾಲಿನಲ್ಲೇ ದೋಷ ಇದೆ, ಬೇರೆ ಕಡೆ ಹುಡುಕಿ ಸುಸ್ತಾಗಬೇಡಿ.

ಒಂದು ಮಾತು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ 'ಆವೇಶ', 'ವಿದ್ಯುದಾವೇಶ' ಅಂತಿದೆ. ನಾನು ಚಾರ್ಜ್ ಅಂತಲೇ ಬರೆಯುತ್ತೇನೆ. ನಮ್ಮೂರ ಕಡೆ ಆವೇಶ ಅಂದರೆ ದೇವರು ಮೈಮೇಲೆ ಬರೋದು, ಅದನ್ನು ಅಳೆಯಲು ಇನ್ನೂ ಯೂನಿಟ್ ಬಂದಿಲ್ಲ.

ಯೂನಿಟ್ ತಪ್ಪೇ ಹೌದಾ?

ಒಂದೇ ಸಾಲು ನೋಡಿ ತೀರ್ಮಾನ ಮಾಡಬೇಡಿ. ಮೂರು ಸಾಲು ತೆಗೆದುಕೊಳ್ಳಿ: ಒಂದು ಚಿಕ್ಕದು, ಒಂದು ಮಧ್ಯಮ, ಒಂದು ದೊಡ್ಡದು. ಮೂರರಲ್ಲೂ ಎಷ್ಟು ಪಟ್ಟು ತಪ್ಪಿದೆ ಅಂತ ನೋಡಿ. ಮೂರರಲ್ಲೂ ಒಂದೇ ಅಂಕಿ ಬಂದರೆ ಯೂನಿಟ್ ತಪ್ಪು ಅನ್ನೋದು ಹೆಚ್ಚೂಕಡಿಮೆ ಖಾತ್ರಿ. ಯಾಕಂದ್ರೆ ಯೂನಿಟ್ ತಪ್ಪು ಯಾರ ಮೇಲೂ ದಯೆ ತೋರಿಸಲ್ಲ, ಎಲ್ಲ ಸಾಲನ್ನೂ ಒಂದೇ ಸಮ ಗುಣಿಸುತ್ತದೆ. ಪಟ್ಟು ಬೇರೆ ಬೇರೆ ಬಂದು, ವ್ಯತ್ಯಾಸ ಮಾತ್ರ ಒಂದೇ ಇದ್ದರೆ ಅದು ಮೀಟರಿನ ಸೊನ್ನೆ ಸರಿದಿರುವುದು. ಎರಡೂ ಒಂದೇ ಸಮ ಇಲ್ಲದಿದ್ದರೆ ಪ್ರಯೋಗದಲ್ಲೇ ಏನೋ ಆಗಿದೆ, ಈ ಬರಹದಿಂದ ನಿಮಗೆ ಉಪಯೋಗ ಇಲ್ಲ.

ಇನ್ನೊಂದು ಎಚ್ಚರಿಕೆ. ಸ್ಕ್ಯಾನ್ ಮಾಡಿದ ಹಳೇ ಪುಸ್ತಕದಿಂದ ಕಾಪಿ ಮಾಡಿದ್ದರೆ ಘಾತಾಂಕದ ಮೈನಸ್ ಚಿಹ್ನೆ ಮಾಯವಾಗಿರುತ್ತದೆ. 10⁻¹⁰ ಇದ್ದದ್ದು 10¹⁰ ಆಗಿ ಉತ್ತರ 10²⁰ ಪಟ್ಟು ಹಾರುತ್ತದೆ. 10ರ ಶುದ್ಧ ಘಾತ ಬಂದು, ಅದೂ ಅಷ್ಟು ದೊಡ್ಡದಾಗಿ ಬಂದರೆ, ಮೊದಲು ಮೂಲ ಪುಟವನ್ನು ಕಣ್ಣಿಂದ ನೋಡಿ.

300 ಕೋಟಿ ಪಟ್ಟು

ಅತಿ ಸಾಮಾನ್ಯ ದೋಷ ಇದು. ನಿಮ್ಮ ಅಂಕಿ ಸ್ಟ್ಯಾಟ್‌ಕೂಲಮ್‌ನಲ್ಲಿದೆ, ನೀವು ಕೂಲಮ್ ಅಂದುಕೊಂಡಿದ್ದೀರಿ. 1 ಕೂಲಮ್‌ಗೆ 2.998 × 10⁹ ಸ್ಟ್ಯಾಟ್‌ಕೂಲಮ್. ತಿರುಗಿಸಿದರೆ 1 ಸ್ಟ್ಯಾಟ್‌ಕೂಲಮ್ ಅಂದರೆ 3.336 × 10⁻¹⁰ ಕೂಲಮ್. ಹಳೇ ಪುಸ್ತಕಗಳಲ್ಲಿ ಸ್ಟ್ಯಾಟ್‌ಕೂಲಮ್ ಅನ್ನೋ ಹೆಸರು ಕಾಣದೇ ಇರಬಹುದು. ಸುಮ್ನೆ ಇಎಸ್‌ಯು (ಎಲೆಕ್ಟ್ರೋಸ್ಟ್ಯಾಟಿಕ್ ಯೂನಿಟ್) ಅಂತ ಇರುತ್ತದೆ, ಕೆಲವು ಕಡೆ ಫ್ರಾಂಕ್ಲಿನ್ ಅಂತ. ಮೂರೂ ಒಂದೇ.

ಇದು ಹುಟ್ಟಿದ್ದು ಸರಳವಾದ ಯೋಚನೆಯಿಂದ. ಎರಡು ಸಮ ಚಾರ್ಜ್‌ಗಳನ್ನು ಒಂದು ಸೆಂಟಿಮೀಟರ್ ದೂರದಲ್ಲಿಟ್ಟರೆ ಅವು ಒಂದು ಡೈನ್ ಬಲದಿಂದ ತಳ್ಳಾಡಬೇಕು, ಆಗ ಒಂದೊಂದೂ 1 ಇಎಸ್‌ಯು. ಡೈನ್ ಅಂದರೆ ಹೆಚ್ಚೂಕಡಿಮೆ ಒಂದು ಮಿಲಿಗ್ರಾಂ ತೂಕ, ಕೈಯಲ್ಲಿಟ್ಟರೂ ಗೊತ್ತಾಗಲ್ಲ. ಈ ಪದ್ಧತಿಯಲ್ಲಿ ಕೂಲಮ್ ನಿಯಮದ ಮುಂದೆ ಯಾವ ಗುಣಾಂಕವೂ ಇಲ್ಲ, ಚಾರ್ಜ್‌ಗಳನ್ನು ಗುಣಿಸಿ ದೂರದ ವರ್ಗದಿಂದ ಭಾಗಿಸಿದರೆ ಮುಗಿಯಿತು. ನಮ್ಮ ಕೂಲಮ್ ಮಾತ್ರ ದೈತ್ಯ. ಒಂದೊಂದು ಕೂಲಮ್‌ನ ಎರಡು ಚಾರ್ಜ್‌ಗಳನ್ನು ಒಂದು ಮೀಟರ್ ದೂರದಲ್ಲಿ ಇಡಲು ಸಾಧ್ಯವಾದರೆ ಅವು 9 × 10⁹ ನ್ಯೂಟನ್ ಬಲದಿಂದ ತಳ್ಳಾಡುತ್ತವೆ, ಅಂದರೆ 90 ಕೋಟಿ ಕೆಜಿಗೂ ಜಾಸ್ತಿ ತೂಕ ಹೊತ್ತ ಹಾಗೆ. ತಂತಿಯಲ್ಲಿ ಹರಿಯುವ ಕರೆಂಟಿಗೆ ಹೊಂದಲಿ ಅಂತ ಮಾಡಿದ ಯೂನಿಟ್ ಅದು, ಒಂದು ಕಡೆ ನಿಂತ ಚಾರ್ಜಿಗಲ್ಲ.

ಇಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಹಳೆಯವರು ಇಎಸ್‌ಯು ಅನ್ನೋದನ್ನು ಚಾರ್ಜಿಗೆ ಮಾತ್ರ ಬರೆಯುತ್ತಿರಲಿಲ್ಲ. ವೋಲ್ಟೇಜಿಗೂ ಅದೇ, ಕೆಪಾಸಿಟರಿನ ಕೆಪಾಸಿಟಿಗೂ ಅದೇ. ವೋಲ್ಟೇಜಿನಲ್ಲಿ 1 ಇಎಸ್‌ಯು ಅಂದರೆ ಸುಮಾರು 300 ವೋಲ್ಟ್. ಕೆಪಾಸಿಟಿಯಲ್ಲಿ 1 ಇಎಸ್‌ಯು ಅಂದರೆ 1 ಸೆಂಟಿಮೀಟರ್, ಅಂದರೆ 1.11 ಪಿಕೋಫ್ಯಾರಡ್. ಹೌದು, ಕೆಪಾಸಿಟಿಯನ್ನು ಸೆಂಟಿಮೀಟರ್‌ನಲ್ಲಿ ಹೇಳುತ್ತಿದ್ದ ಕಾಲ ಇತ್ತು. ಹಾಗಾಗಿ ನಿಮ್ಮ ಉತ್ತರ ಸುಮಾರು 300 ಪಟ್ಟು ತಪ್ಪಿದ್ದರೆ ದೋಷ ಚಾರ್ಜಿನಲ್ಲಲ್ಲ, ವೋಲ್ಟೇಜಿನಲ್ಲಿದೆ. ಹಳೇ ಎಣ್ಣೆಹನಿ ಸೂತ್ರಗಳಲ್ಲಿ ಎಲ್ಲೋ ಒಂದು ಕಡೆ 300 ಅಂತ ಕೂತಿರುತ್ತದಲ್ಲ, ಅದು ಇದೇ. ವೋಲ್ಟ್‌ಮೀಟರ್ ತೋರಿಸಿದ್ದನ್ನು 300ರಿಂದ ಭಾಗಿಸಿ ಆಮೇಲೆ ಸೂತ್ರಕ್ಕೆ ಹಾಕಬೇಕು. ಆ 300 ಎಲ್ಲಿಂದ ಬಂತು ಅಂತ ಗೊತ್ತಿಲ್ಲದವರು ಅದನ್ನು ಯಾವುದೋ ಉಪಕರಣದ ಸ್ಥಿರಾಂಕ ಅಂದುಕೊಂಡು ಕೈಬಿಡುತ್ತಾರೆ.

9 × 10¹⁸ ಪಟ್ಟು

ಈ ಅಂಕಿ ಕಂಡರೆ ಖುಷಿ ಪಡಿ, ಇದಕ್ಕಿಂತ ಸುಲಭದ ದೋಷ ಇಲ್ಲ. ಭಾಗಿಸಬೇಕಾದ ಕಡೆ ಗುಣಿಸಿದ್ದೀರಿ. 300 ಕೋಟಿಯ ತಪ್ಪು ತೆಗೆಯಲು ಹೋಗಿ ಇನ್ನೊಂದು 300 ಕೋಟಿ ಸೇರಿಸಿಕೊಂಡಿದ್ದೀರಿ.

ನಮ್ಮ ಹುಡುಗಿ ಮಾಡಿದ್ದೂ ಅದನ್ನೇ. "ಇದು ಇಎಸ್‌ಯು ಕಣಮ್ಮ" ಅಂತ ನಾನು ಹೇಳಿ ಫೋನ್ ಇಟ್ಟೆ. ಹತ್ತು ನಿಮಿಷಕ್ಕೆ ಮತ್ತೆ ಬಂದಳು. 4.774 × 10⁻¹⁰ ಅನ್ನು 2.998 × 10⁹ರಿಂದ ಗುಣಿಸಿ, 1.43 ಕೂಲಮ್ ಅಂದಳು. ಒಂದು ಎಲೆಕ್ಟ್ರಾನಿಗೆ! "1.6 ಹತ್ರ ಹತ್ರ ಬಂತಲ್ವಾ ದೊಡ್ಡಪ್ಪ?" ಅಂತ ಬೇರೆ. ಮೊದಲ ಅಂಕಿ ಅಷ್ಟಿಷ್ಟು ಹತ್ತಿರ ಬಂದುಬಿಟ್ಟರೆ ಘಾತಾಂಕದ ಕಡೆ ಕಣ್ಣೇ ಹೋಗಲ್ಲ, ಅದೇ ಇಲ್ಲಿನ ಅಪಾಯ.

ದಿಕ್ಕು ಗೊಂದಲ ಆದಾಗ ನಾನು ಪೈಸೆಯನ್ನು ನೆನಪಿಸಿಕೊಳ್ಳುತ್ತೇನೆ. ಸ್ಟ್ಯಾಟ್‌ಕೂಲಮ್ ಪೈಸೆ, ಕೂಲಮ್ ರೂಪಾಯಿ. ಪೈಸೆಯಿಂದ ರೂಪಾಯಿಗೆ ಹೋಗುವಾಗ ಅಂಕಿ ಚಿಕ್ಕದಾಗಬೇಕು. ಅಂಕಿ ದೊಡ್ಡದಾಯಿತು ಅಂದರೆ ಉಲ್ಟಾ ಹೊಡೆದಿದ್ದೀರಿ.

10 ಪಟ್ಟು: ಇಲ್ಲಿ ಇಬ್ಬರ ಮೇಲೆ ಅನುಮಾನ

ಉತ್ತರ ಸರಿಯಾಗಿ 10 ಪಟ್ಟು ಮೇಲೋ ಕೆಳಗೋ ಇದ್ದರೆ ಎರಡು ಕಾರಣ ಇರಬಹುದು. ಎರಡನ್ನೂ ಬೇರೆ ಮಾಡಿ ನೋಡಬೇಕು.

ಮೊದಲನೆಯದು ಕ್ಯಾಲ್ಕುಲೇಟರ್. 10⁻¹⁰ ಒತ್ತಬೇಕಾದರೆ ಎಕ್ಸ್‌ಪ್ ಗುಂಡಿಗೆ (10ರ ಘಾತ ಹಾಕುವ ಗುಂಡಿ) ಮೊದಲು 1 ಒತ್ತಬೇಕು. ಅದರ ಬದಲು 10 ಒತ್ತಿ ಆಮೇಲೆ ಎಕ್ಸ್‌ಪ್ ಒತ್ತಿದರೆ ಅದು 10 × 10⁻¹⁰ ಆಗುತ್ತದೆ. ಪರೀಕ್ಷೆ ಹಾಲ್‌ನಲ್ಲಿ ಇದರಿಂದ ಕಳೆದುಹೋದ ಮಾರ್ಕ್ಸ್ ಲೆಕ್ಕ ಇಟ್ಟವರಿಲ್ಲ.

ಎರಡನೆಯದು ನಿಜವಾದ ಯೂನಿಟ್ ದೋಷ. ಆಬ್‌ಕೂಲಮ್ ಅಂತ ಇನ್ನೊಂದು ಹಳೇ ಯೂನಿಟ್ ಇದೆ, ಅದಕ್ಕೆ ಇಎಂಯು (ಎಲೆಕ್ಟ್ರೋಮ್ಯಾಗ್ನೆಟಿಕ್ ಯೂನಿಟ್) ಅಂತಲೂ ಕರೆಯುತ್ತಾರೆ. 1 ಆಬ್‌ಕೂಲಮ್ ಅಂದರೆ 10 ಕೂಲಮ್. ಇದು ಕೂಲಮ್‌ಗಿಂತ ದೊಡ್ಡದು, ಹಾಗಾಗಿ ಪೈಸೆ-ರೂಪಾಯಿ ಲೆಕ್ಕ ಇಲ್ಲಿ ತಿರುಗುತ್ತದೆ. ಗೊಂದಲ ಆಗೋದೇ ಇಲ್ಲಿ. ಗುಣಿಸುವ ಬದಲು ಭಾಗಿಸಿದರೆ 100 ಪಟ್ಟು ತಪ್ಪು ಬರುತ್ತದೆ.

ಇಬ್ಬರಲ್ಲಿ ಯಾರು ಅಂತ ಗೊತ್ತಾಗೋದು ಹೇಗೆ? ಲೆಕ್ಕದಲ್ಲಿ ಅಯಸ್ಕಾಂತ, ಕಾಯಿಲ್, ಗ್ಯಾಲ್ವನೋಮೀಟರ್, ಅರ್ಸ್ಟೆಡ್, ಗಾಸ್ (ಎರಡೂ ಕಾಂತಕ್ಷೇತ್ರದ ಹಳೇ ಯೂನಿಟ್) ಇವುಗಳಲ್ಲಿ ಯಾವುದಾದರೂ ಇದೆಯಾ ನೋಡಿ. ಇದ್ದರೆ ಇಎಂಯು. ಬರೀ ನಿಂತ ಚಾರ್ಜ್, ಎಣ್ಣೆಹನಿ, ಗೋಳ, ಪ್ಲೇಟ್ ಇದ್ದರೆ ಕ್ಯಾಲ್ಕುಲೇಟರ್ ಮೇಲೆ ಅನುಮಾನ ಪಡಿ.

ನಮ್ಮ ಪಿಯುಸಿ ಲ್ಯಾಬಿನಲ್ಲಿ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಮುಟ್ಟಿದವರಿಗೆ ಈ 10 ಹಳೇ ಪರಿಚಯ. ತ್ರಿಜ್ಯ, ಭೂಮಿಯ ಸಮತಲ ಕಾಂತಕ್ಷೇತ್ರ, ಟ್ಯಾನ್ ಥೀಟಾ ಎಲ್ಲ ಗುಣಿಸಿ, 2 ಪೈ ಮತ್ತು ಸುತ್ತುಗಳ ಸಂಖ್ಯೆಯಿಂದ ಭಾಗಿಸಿ, ಅದರ ಮುಂದೆ ಒಂದು 10 ಹಾಕುತ್ತಿದ್ದೆವು. ಆ 10 ಯಾಕೆ ಅಂತ ನಮ್ಮ ಬ್ಯಾಚಿನಲ್ಲಿ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅದು ಇಎಂಯು ಕರೆಂಟನ್ನು ಆಂಪಿಯರ್ ಮಾಡುವ 10. ಬೇಕಾದರೆ ಹಾಕಿ ನೋಡಿ: ತ್ರಿಜ್ಯ 8 ಸೆಂಟಿಮೀಟರ್, 50 ಸುತ್ತು, ಕ್ಷೇತ್ರ 0.38 ಅರ್ಸ್ಟೆಡ್, ಮುಳ್ಳು 45 ಡಿಗ್ರಿ. 10 ಇಲ್ಲದೆ 0.00968 ಬರುತ್ತದೆ, 10 ಹಾಕಿದರೆ 0.0968 ಆಂಪಿಯರ್. ಅದೇ ಅಂಕಿಗಳನ್ನು ಮೀಟರ್ ಮತ್ತು ಟೆಸ್ಲಾಗೆ ಬದಲಿಸಿ ಈಗಿನ ಸೂತ್ರಕ್ಕೆ ಹಾಕಿದರೂ 0.0968 ಆಂಪಿಯರೇ, ಅಲ್ಲಿ ಯಾವ 10ರ ಸುದ್ದಿಯೂ ಇಲ್ಲ. ಹಳೇ ಸೂತ್ರಕ್ಕೆ ಟೆಸ್ಲಾ ಹಾಕೋದು, ಹೊಸ ಸೂತ್ರಕ್ಕೆ 10 ಸೇರಿಸೋದು, ಎರಡೂ ನಡೆಯುತ್ತವೆ, ಎರಡೂ ತಪ್ಪು.

ಎಲೆಕ್ಟ್ರಾನಿನ ಚಾರ್ಜನ್ನು ಅದರ ತೂಕದಿಂದ ಭಾಗಿಸಿದ ಬೆಲೆ ಇನ್ನೊಂದು ಒಳ್ಳೇ ಉದಾಹರಣೆ. ಹೊಸ ಪುಸ್ತಕದಲ್ಲಿ ಅದು ಕೆಜಿಗೆ 1.76 × 10¹¹ ಕೂಲಮ್. ಒಂದು ಹಳೇ ಪುಸ್ತಕದಲ್ಲಿ 1.76 × 10⁷, ಇನ್ನೊಂದರಲ್ಲಿ 5.27 × 10¹⁷. ಮೂರೂ ಸರಿ. ನಡುವಿನದು ಗ್ರಾಂಗೆ ಇಎಂಯು, ಕೊನೆಯದು ಗ್ರಾಂಗೆ ಇಎಸ್‌ಯು. 10⁴ ಪಟ್ಟು ವ್ಯತ್ಯಾಸ ಬಂದದ್ದು ಎರಡು ಕಡೆಯಿಂದ: ಗ್ರಾಂ ಕೆಜಿ ಆಗಿದ್ದಕ್ಕೆ 1000, ಇಎಂಯು ಕೂಲಮ್ ಆಗಿದ್ದಕ್ಕೆ 10. ಬರೀ ಒಂದನ್ನು ಸರಿ ಮಾಡಿ ನಿಲ್ಲಿಸಿದರೆ ಇನ್ನೊಂದು ಉಳಿದೇ ಇರುತ್ತದೆ.

3 × 10¹⁰ ಪಟ್ಟು, ಅಂದರೆ ಬೆಳಕಿನ ವೇಗ

ಇದು ಬಂದರೆ ಇಎಸ್‌ಯು ಮತ್ತು ಇಎಂಯು ಅದಲುಬದಲಾಗಿವೆ. 1 ಆಬ್‌ಕೂಲಮ್‌ಗೆ 2.998 × 10¹⁰ ಸ್ಟ್ಯಾಟ್‌ಕೂಲಮ್. ಆ ಅಂಕಿ ನೋಡಿ, ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಅಂತ ಓದಿಕೊಂಡರೆ ಬೆಳಕಿನ ವೇಗ. ಇದು ಕಾಕತಾಳೀಯ ಅಲ್ಲ. ಇದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ನಿಂತ ಚಾರ್ಜ್‌ಗಳ ತಳ್ಳಾಟದಿಂದ ಒಂದು ಯೂನಿಟ್ ಮಾಡಿದ್ದರು. ಹರಿಯುವ ಚಾರ್ಜ್, ಅಂದರೆ ಕರೆಂಟ್, ಅಯಸ್ಕಾಂತದ ಮುಳ್ಳನ್ನು ತಿರುಗಿಸುವ ಬಲದಿಂದ ಇನ್ನೊಂದು ಮಾಡಿದ್ದರು. ಒಂದೇ ವಸ್ತುವಿಗೆ ಎರಡು ಅಳತೆಗೋಲು. ಹಾಗಾದರೆ ಎರಡರ ನಡುವೆ ಎಷ್ಟು ಪಟ್ಟು? ಇದನ್ನು ಲೆಕ್ಕದಿಂದ ತೆಗೆಯಲು ಬರಲ್ಲ, ಅಳೆದೇ ನೋಡಬೇಕು. 1856ರಲ್ಲಿ ಜರ್ಮನಿಯ ವೆಬರ್ ಮತ್ತು ಕೋಲ್‌ರೌಶ್ ಅದನ್ನು ಅಳೆದರು. ಲೈಡನ್ ಜಾಡಿಯಲ್ಲಿ ಚಾರ್ಜ್ ತುಂಬಿ ಮೊದಲು ಅದನ್ನು ಇಎಸ್‌ಯುನಲ್ಲಿ ಕಂಡುಕೊಂಡರು, ಆಮೇಲೆ ಅದನ್ನೇ ಗ್ಯಾಲ್ವನೋಮೀಟರಿನ ಮೂಲಕ ಹರಿಯಬಿಟ್ಟು ಮುಳ್ಳು ಎಷ್ಟು ಎಗರಿತು ಅಂತ ನೋಡಿ ಇಎಂಯುನಲ್ಲಿ ಕಂಡುಕೊಂಡರು. ಬಂದ ಪಟ್ಟು ಸುಮಾರು 3.1 × 10¹⁰, ಸೆಕೆಂಡಿಗೆ ಸೆಂಟಿಮೀಟರ್. ಬೆಳಕಿನ ವೇಗವನ್ನು ಫಿಜೋ 1849ರಲ್ಲೇ ಭೂಮಿಯ ಮೇಲೆ ಅಳೆದಾಗಿತ್ತು. ಎರಡು ಅಂಕಿಗಳೂ ಇಷ್ಟು ಹತ್ತಿರ ಇರುವುದನ್ನು ಹಿಡಿದುಕೊಂಡು, ಬೆಳಕು ಅನ್ನೋದೇ ವಿದ್ಯುತ್ತು ಮತ್ತು ಕಾಂತತ್ವದ ಅಲೆ ಇರಬೇಕು ಅಂತ 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ವಾದಿಸಿದರು. ನೀವು ಎಕ್ಸೆಲ್‌ನಲ್ಲಿ ಬೈದುಕೊಂಡು ಅಳಿಸುವ ಅಂಕಿ ಅದು.

ಮತ್ತೆ ಆ 10? ಪ್ರಯೋಗಶಾಲೆಯ ಇಎಂಯು ವೋಲ್ಟೇಜ್ ಮತ್ತು ರೆಸಿಸ್ಟೆನ್ಸ್ ತೀರಾ ಚಿಕ್ಕವು, ಟೆಲಿಗ್ರಾಫ್ ಕೆಲಸದವರಿಗೆ ಬಳಸಲು ಆಗುತ್ತಿರಲಿಲ್ಲ. ಅದಕ್ಕೆ 10⁸ ಇಎಂಯು ಸೇರಿಸಿ ಒಂದು ವೋಲ್ಟ್ ಅಂದರು, ಅದು ಆಗಿನ ಬ್ಯಾಟರಿಯಾದ ಡೇನಿಯಲ್ ಸೆಲ್‌ನ ವೋಲ್ಟೇಜಿಗೆ ಹತ್ತಿರ ಇತ್ತು. 10⁹ ಇಎಂಯು ಸೇರಿಸಿ ಒಂದು ಓಮ್ ಅಂದರು. 10⁸ ಅನ್ನು 10⁹ರಿಂದ ಭಾಗಿಸಿದರೆ ಹತ್ತನೇ ಒಂದು. ಆಂಪಿಯರ್ ಇಎಂಯು ಕರೆಂಟಿನ ಹತ್ತನೇ ಒಂದು ಭಾಗ ಆಗಿದ್ದು ಹೀಗೆ, ಅದರ ಹಿಂದೆಯೇ ಕೂಲಮ್ ಕೂಡ. ಈ ಹೆಸರುಗಳಿಗೆ 1881ರ ಪ್ಯಾರಿಸ್ ಸಮ್ಮೇಳನದಲ್ಲಿ ಮುದ್ರೆ ಬಿತ್ತು.

12.57 ಮತ್ತು 3.545

12.57 ಅಂದರೆ 4 ಪೈ. ಚಾರ್ಜ್ ಸರಿಯಾಗಿದ್ದು, ಡಿಸ್‌ಪ್ಲೇಸ್‌ಮೆಂಟ್ ಕ್ಷೇತ್ರದ ಲೆಕ್ಕ ಮಾತ್ರ ತಪ್ಪಿದ್ದರೆ ಇದು ಬರುತ್ತದೆ. ಹಳೇ ಪದ್ಧತಿಯಲ್ಲಿ ಒಂದು ಚಾರ್ಜಿನಿಂದ 4 ಪೈ ಪಟ್ಟು ಫ್ಲಕ್ಸ್ (ಆ ಕ್ಷೇತ್ರದ ಒಟ್ಟು ಹರಿವು) ಹೊರಡುತ್ತದೆ, ಹೊಸದರಲ್ಲಿ ಒಂದು ಪಟ್ಟು. 3.545 ಅಂದರೆ 4 ಪೈನ ವರ್ಗಮೂಲ. ಹೆವಿಸೈಡ್-ಲೊರೆಂಟ್ಜ್ ಅನ್ನೋ ಇನ್ನೊಂದು ಪದ್ಧತಿಯ ಪುಸ್ತಕ ಹಿಡಿದಿದ್ದೀರಿ. ಕಣ ಭೌತಶಾಸ್ತ್ರ ಓದುವವರು ಎಲೆಕ್ಟ್ರಾನ್ ಚಾರ್ಜ್ ಒಂದು ಪುಸ್ತಕದಲ್ಲಿ 0.303, ಇನ್ನೊಂದರಲ್ಲಿ 0.0854 ಅಂತ ನೋಡಿ ತಲೆ ಕೆರೆದುಕೊಳ್ಳುತ್ತಾರಲ್ಲ, ಭಾಗಿಸಿ ನೋಡಿ, 3.545 ಬರುತ್ತದೆ.

ಬ್ಯಾಟರಿ ಅಂಗಡಿಯ ಕೂಲಮ್

ಮನೆಯಲ್ಲಿರುವ ಇನ್ವರ್ಟರ್ ಬ್ಯಾಟರಿ ಮೇಲೆ 150 ಎಎಚ್ ಅಂತ ಇರುತ್ತದೆ. ಅದೂ ಚಾರ್ಜಿನ ಅಳತೆಯೇ, ಆಂಪಿಯರ್-ಅವರ್. 1 ಎಎಚ್ ಅಂದರೆ 3600 ಕೂಲಮ್, ಯಾಕಂದ್ರೆ ಗಂಟೆಗೆ 3600 ಸೆಕೆಂಡ್. ಹಾಗಾಗಿ ಆ ಬ್ಯಾಟರಿಯಲ್ಲಿ 5,40,000 ಕೂಲಮ್. ಫೋನಿನ 5000 ಎಂಎಎಚ್ ಅಂದರೆ 18,000 ಕೂಲಮ್. ನಿಮ್ಮ ತಪ್ಪು 3600 ಪಟ್ಟು ಇದ್ದರೆ ಗಂಟೆಯನ್ನು ಮರೆತಿದ್ದೀರಿ, 60 ಪಟ್ಟು ಇದ್ದರೆ ನಿಮಿಷಕ್ಕೆ ನಿಂತುಬಿಟ್ಟಿದ್ದೀರಿ, 3.6 ಪಟ್ಟು ಇದ್ದರೆ ಎಂಎಎಚ್ ಅನ್ನು ಹಾಗೇ ಕೂಲಮ್ ಅಂತ ಬರೆದಿದ್ದೀರಿ.

ಪವರ್ ಬ್ಯಾಂಕಿನಲ್ಲಿ 0.74 ಪಟ್ಟು ಕಂಡು ಮೋಸ ಅಂತ ಕೂಗುವವರಿದ್ದಾರೆ. ಅದು ಅರ್ಧ ಮಾತ್ರ ನ್ಯಾಯ. ಡಬ್ಬಿ ಮೇಲಿನ 10,000 ಎಂಎಎಚ್ ಒಳಗಿನ 3.7 ವೋಲ್ಟ್ ಸೆಲ್‌ನದು. ಹೊರಗೆ 5 ವೋಲ್ಟ್‌ನಲ್ಲಿ ಬರುವಾಗ ಅದೇ ಶಕ್ತಿಗೆ 7,400 ಆಗುತ್ತದೆ, ಬಿಸಿಯಾಗಿ ಹೋಗುವುದು ಬೇರೆ. ಎಎಚ್ ಚಾರ್ಜನ್ನು ಹೇಳುತ್ತದೆ, ಶಕ್ತಿಯನ್ನಲ್ಲ.

96,485 ಪಟ್ಟು ಬಂದರೆ ಅದು ಕೆಮಿಸ್ಟ್ರಿಯಿಂದ ಬಂದ ಅತಿಥಿ. ಒಂದು ಮೋಲ್ ಎಲೆಕ್ಟ್ರಾನ್‌ಗಳ ಚಾರ್ಜಿಗೆ ಒಂದು ಫ್ಯಾರಡೆ ಅಂತಾರೆ, ಅದು 96,485 ಕೂಲಮ್. ಹಳೇ ಪುಸ್ತಕದಲ್ಲಿ ಇದೇ 9650 ಇಎಂಯು ಅಂತಿರುತ್ತದೆ, ಮತ್ತೆ ಅದೇ 10ರ ಕಥೆ. ಫ್ಯಾರಡೆಗೂ ಫ್ಯಾರಡ್‌ಗೂ ಸಂಬಂಧ ಬರೀ ಹೆಸರಿನದು. ಫ್ಯಾರಡ್ ಕೆಪಾಸಿಟರಿನ ಅಳತೆ.

ಚಾರ್ಜ್ ಅಂತ ಗೊತ್ತೇ ಆಗದ ಕಡೆ

ಕೆಲವು ಯೂನಿಟ್‌ಗಳ ಹೊಟ್ಟೆಯೊಳಗೆ ಇಎಸ್‌ಯು ಅಡಗಿ ಕೂತಿರುತ್ತದೆ. ಅಣುವಿನೊಳಗೆ ಪ್ಲಸ್, ಮೈನಸ್ ಚಾರ್ಜ್ ಎಷ್ಟು ದೂರ ಸರಿದಿವೆ ಅಂತ ಅಳೆಯುವ ಕೆಮಿಸ್ಟ್ರಿಯವರ ಡಿಬೈ ಅಂಥದ್ದು: 10⁻¹⁸ ಇಎಸ್‌ಯು-ಸೆಂಟಿಮೀಟರ್. ಹಾಗಾಗಿ 1 ಡಿಬೈ ಅಂದರೆ 3.336 × 10⁻³⁰ ಕೂಲಮ್-ಮೀಟರ್. ನೀರಿನ ಅಣುವಿನದು 1.85 ಡಿಬೈ. ಇಲ್ಲಿ 4.8 ಪಟ್ಟು ತಪ್ಪು ಕಂಡರೆ ಎಲೆಕ್ಟ್ರಾನ್-ಆಂಗ್‌ಸ್ಟ್ರಾಮ್ ಮತ್ತು ಡಿಬೈ ಬೆರೆತುಹೋಗಿವೆ.

ಎಕ್ಸ್‌ರೇ ಕಡೆಯ ರಾಂಟ್ಜನ್ ಇನ್ನೂ ಚೆನ್ನಾಗಿದೆ. ಅದನ್ನು ಸೊನ್ನೆ ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ, ಒಂದು ಘನ ಸೆಂಟಿಮೀಟರ್ ಒಣ ಗಾಳಿಯಲ್ಲಿ 1 ಇಎಸ್‌ಯು ಚಾರ್ಜ್ ಹುಟ್ಟಿಸುವಷ್ಟು ಕಿರಣ ಅಂತ ಮಾಡಿದ್ದರು. ಆ ಗಾಳಿಯ ತೂಕ 0.001293 ಗ್ರಾಂ. 3.336 × 10⁻¹⁰ ಕೂಲಮ್ ಅನ್ನು ಆ ತೂಕದಿಂದ, ಕೆಜಿಗೆ ಬದಲಿಸಿಕೊಂಡು, ಭಾಗಿಸಿದರೆ 2.58 × 10⁻⁴ ಬರುತ್ತದೆ. ಪುಸ್ತಕಗಳಲ್ಲಿ ರಾಂಟ್ಜನ್ ಎದುರಿಗಿರುವ ವಿಚಿತ್ರ ಅಂಕಿ ಅದೇ, ಕೆಜಿಗೆ ಕೂಲಮ್.

ಚಾರ್ಜ್ ಸಾಂದ್ರತೆ ಇದ್ದರೆ ಸೆಂಟಿಮೀಟರನ್ನೂ ಮರೆಯಬೇಡಿ. ವಿಸ್ತೀರ್ಣದಲ್ಲಿ ಮರೆತರೆ 10⁴, ಗಾತ್ರದಲ್ಲಿ ಮರೆತರೆ 10⁶. 300 ಕೋಟಿಯ ಬದಲು 3 × 10⁵ ಅಥವಾ 3 × 10³ ಥರದ್ದು ಕಂಡರೆ ಚಾರ್ಜಿನ ಜೊತೆ ಈ ಸೆಂಟಿಮೀಟರೂ ಕೂಡಿಕೊಂಡಿದೆ.

ಒಂದು ಪರ್ಸೆಂಟ್‌ಗಿಂತ ಚಿಕ್ಕ ತಪ್ಪುಗಳು

ಕೋಟಿಗಟ್ಟಲೆ ತಪ್ಪು ಸುಲಭ, ತಾನಾಗೇ ಕಣ್ಣಿಗೆ ಹೊಡೆಯುತ್ತದೆ. ನನಗೆ ಇಷ್ಟ ಆಗೋದು ಚಿಕ್ಕವು.

0.07 ಪರ್ಸೆಂಟ್ ವ್ಯತ್ಯಾಸ ಇದ್ದರೆ 2.998 ಬದಲು 3 ಹಾಕಿದ್ದೀರಿ. ಚಾರ್ಜಿನ ವರ್ಗ ಬರುವ ಕಡೆ ಅದು 0.14 ಆಗುತ್ತದೆ. ತಪ್ಪಲ್ಲ, ಸೋಮಾರಿತನ.

0.015 ಪರ್ಸೆಂಟ್ ಇದ್ದರೆ ನಿಮ್ಮ ಕೂಲಮ್ಮೇ ಹಳೆಯದು. 1908ರ ಲಂಡನ್ ಸಮ್ಮೇಳನದ ಆಂಪಿಯರ್ ಬೆಳ್ಳಿಯ ಮೇಲೆ ನಿಂತಿತ್ತು: ಸೆಕೆಂಡಿಗೆ 0.00111800 ಗ್ರಾಂ ಬೆಳ್ಳಿ ಕೂರಿಸುವ ಕರೆಂಟು. ಅದು ನಿಜವಾದ ಆಂಪಿಯರ್‌ಗಿಂತ ಚೂರು ಕಡಿಮೆ, 0.99985. 1948ರ ಜನವರಿಯಿಂದ ಅದನ್ನು ಕೈಬಿಟ್ಟರು. ಹಾಗಾಗಿ 1948ಕ್ಕಿಂತ ಹಿಂದಿನ ನಿಖರ ಅಳತೆಯ ಪಟ್ಟಿಯಲ್ಲಿ ಕೂಲಮ್ ಅಂತ ಕಂಡರೆ ಅದೇ ಹೆಸರಿನ ಬೇರೆ ನಾಣ್ಯ ಅಂತ ತಿಳಿಯಿರಿ. ನಮ್ಮಲ್ಲೂ ಹೀಗೇ ಆಗಿತ್ತು: 1957ಕ್ಕೆ ಮೊದಲು ರೂಪಾಯಿಗೆ 64 ಪೈಸೆ, ಆಮೇಲೆ 100. ಗೊಂದಲ ಆಗಬಾರದು ಅಂತ ಕೆಲವು ವರ್ಷ 'ನಯಾ ಪೈಸೆ' ಅಂತ ಕರೆದರು. ಕೂಲಮ್‌ಗೆ ಯಾರೂ ನಯಾ ಅಂತ ಸೇರಿಸಲಿಲ್ಲ.

2019ರ ಮೇ 20ರಿಂದ ಎಲೆಕ್ಟ್ರಾನ್ ಚಾರ್ಜನ್ನೇ 1.602176634 × 10⁻¹⁹ ಕೂಲಮ್ ಅಂತ ಕಟ್ಟಿಹಾಕಿದ್ದಾರೆ. ಅದರಿಂದಾಗಿ ನಮ್ಮ 2.99792458 × 10⁹ ಅನ್ನೋದು ಕಟ್ಟುನಿಟ್ಟಾಗಿ ಹೇಳಿದರೆ ಈಗ ನೂರಕ್ಕೆ ನೂರು ನಿಖರ ಅಲ್ಲ. ವ್ಯತ್ಯಾಸ ಹತ್ತನೇ ಅಂಕಿಯ ಆಸುಪಾಸಿನಲ್ಲಿ. ನಿಮಗೆ, ನನಗೆ ಅದರ ಚಿಂತೆ ಬೇಡ.

ಈಗ ಹುಡುಗಿಯ ಮೂರನೇ ದೋಷ. ಭಾಗಿಸಬೇಕಾದ ಕಡೆ ಭಾಗಿಸಿದ ಮೇಲೆ ಅವಳಿಗೆ 1.592 × 10⁻¹⁹ ಬಂತು. ಇರಬೇಕಾದ್ದು 1.602. ಶೇಕಡ 0.6 ಕಡಿಮೆ. ನಾನು ಮೇಲಿನ ಎಲ್ಲ ಚಿಕ್ಕ ತಪ್ಪುಗಳನ್ನೂ ಹಾಕಿ ನೋಡಿದೆ, ಯಾವುದೂ ಹೊಂದಲಿಲ್ಲ. ಆಮೇಲೆ ಅವಳ ಮೊದಲ ಭಾಗಾಕಾರಕ್ಕೆ ವಾಪಸ್ ಹೋದೆ. 300 ಕೋಟಿ ಪಟ್ಟು ಅಂತ ಅಂದಾಜಿನಲ್ಲಿ ಓದಿಕೊಂಡಿದ್ದೆವಲ್ಲ, ಅಲ್ಲಿದ್ದದ್ದು 2.998 × 10⁹ ಅಲ್ಲ, 2.980 × 10⁹. ತಪ್ಪು ಮೊದಲ ನಿಮಿಷದಿಂದಲೇ ಎದುರಿಗೆ ಕೂತಿತ್ತು, ದೊಡ್ಡ ಅಂಕಿಯ ಗಲಾಟೆಯಲ್ಲಿ ನಾನು ಮೂರನೇ ಅಂಕಿ ನೋಡಿರಲಿಲ್ಲ.

ಇದು ಯೂನಿಟ್ ದೋಷ ಅಲ್ಲವೇ ಅಲ್ಲ. ಹನಿ ಗಾಳಿಯಲ್ಲಿ ಬೀಳುವ ವೇಗದಿಂದ ಮಿಲಿಕನ್ ಚಾರ್ಜ್ ತೆಗೆದರು, ಅದಕ್ಕೆ ಗಾಳಿಯ ಸ್ನಿಗ್ಧತೆ (ಬೀಳುವ ಹನಿಗೆ ಗಾಳಿ ಎಷ್ಟು ಅಡ್ಡಿ ಮಾಡುತ್ತದೆ ಅನ್ನೋದು) ಗೊತ್ತಿರಬೇಕು. ಅವರು ಬಳಸಿದ ಸ್ನಿಗ್ಧತೆಯ ಬೆಲೆ ಅರ್ಧ ಪರ್ಸೆಂಟ್‌ನಷ್ಟು ಕಡಿಮೆ ಇತ್ತು. ಸೂತ್ರದಲ್ಲಿ ಅದು ಒಂದೂವರೆ ಘಾತದಲ್ಲಿ ಬರುವುದರಿಂದ ಆ ತಪ್ಪು ಚಾರ್ಜಿನಲ್ಲಿ ಇನ್ನಷ್ಟು ಬೆಳೆಯಿತು. ಮಿಲಿಕನ್ ತಮ್ಮ ಬೆಲೆಗೆ ಕೊಟ್ಟಿದ್ದ ಅನಿಶ್ಚಿತತೆ 0.009, ನಿಜವಾದ ವ್ಯತ್ಯಾಸ 0.029. ಎಕ್ಸ್‌ರೇಯಿಂದ ಬೇರೆ ದಾರಿಯಲ್ಲಿ ಎಲೆಕ್ಟ್ರಾನ್ ಚಾರ್ಜ್ ತೆಗೆದವರ ಉತ್ತರ ಇದಕ್ಕೆ ಹೊಂದದೇ ಹೋಗಿ, 1930ರ ದಶಕದಲ್ಲಿ ಗಾಳಿಯನ್ನು ಮತ್ತೆ ಅಳೆದ ಮೇಲೆ ಇದು ಗೊತ್ತಾಯಿತು. ಅಷ್ಟರೊಳಗೆ 1923ರ ನೊಬೆಲ್ ಬಂದಾಗಿತ್ತು.

"ಹಾಗಾದ್ರೆ ಇದನ್ನ ಹೇಗೆ ಸರಿ ಮಾಡ್ಲಿ?" ಅಂದಳು.

ಮುಟ್ಟಬೇಡ ಅಂದೆ. 1.592 ಹಾಗೇ ಇರಲಿ, ತಲೆಬರಹ ಮಾತ್ರ ಬದಲಿಸು. ಈಗ ಅವಳ ಕಾಲಂ ಮೇಲೆ 'ಮಿಲಿಕನ್ 1913, ಇಎಸ್‌ಯುನಿಂದ ಕೂಲಮ್‌ಗೆ ಬದಲಿಸಿದ್ದು' ಅಂತಿದೆ, ಪಕ್ಕದಲ್ಲಿ ಗಾಳಿಯ ಬಗ್ಗೆ ಎರಡು ಸಾಲು. ನನ್ನ ಅನ್ನ ಅಷ್ಟೊತ್ತಿಗೆ ಆರಿ ತಣ್ಣಗಾಗಿತ್ತು.